ಪರ್ಮ್ ಕೆಟ್ಟಿದೆ: ಮತ್ತೆ ಮಾಡಿಸಲಾ, ಸ್ಟ್ರೈಟ್ ಮಾಡಿಸಲಾ, ಕತ್ತರಿಸಲಾ? ಅನುಭವ ಇದ್ದವರು ಹೇಳಿ

ವಿರಾಜಪೇಟೆ ಮಳೆಹುಡುಗಿ:
ನನ್ನದು ಹುಟ್ಟಿನಿಂದಲೂ ಗುಂಗುರು ಕೂದಲು. ಹಿಂದೆ ಕೂದಲು ಸಪಾಟು ಮಾಡುವ ಸ್ಮೂದನಿಂಗ್ ಮಾಡಿಸಿದ್ದೆ, ಆಮೇಲೆ ಮುಂದಿನ ಭಾಗಕ್ಕೆ ಬ್ಲೀಚ್ ಮಾಡಿ ಹೈಲೈಟ್ಸ್. ಬುಡದಲ್ಲಿ ಹೊಸ ಗುಂಗುರು ಬರುತ್ತಿತ್ತು, ಕೆಳಗೆಲ್ಲಾ ಸಪಾಟು. ಎರಡೂ ಒಂದೇ ಥರ ಕಾಣಲಿ ಅಂತ ಮೈಸೂರಿನ ಒಂದು ಸಲೂನ್‌ನಲ್ಲಿ ಔಷಧಿ ಹಾಕಿ ಸುರುಳಿ ಬರಿಸುವ ಪರ್ಮ್ ಮಾಡಿಸಿದೆ. 6,500 ರೂಪಾಯಿ. ಈಗ ಒದ್ದೆ ಇರುವಾಗ ಸುರುಳಿ ಚೆನ್ನಾಗೇ ಕಾಣುತ್ತದೆ, ಒಣಗಿದರೆ ತೆಂಗಿನ ನಾರು. ಹೈಲೈಟ್ಸ್ ಇದ್ದ ಕಡೆ ಎಳೆ ಹಿಡಿದು ಜಗ್ಗಿದರೆ ಹಿಗ್ಗುತ್ತದೆ, ಆಮೇಲೆ ಪಟ್ ಅಂತ ತುಂಡಾಗುತ್ತದೆ. ಸಲೂನ್‌ನವರು ‘ಬನ್ನಿ, ಫ್ರೀಯಾಗಿ ಇನ್ನೊಂದು ಸಲ ಮಾಡಿಕೊಡ್ತೀವಿ’ ಅನ್ನುತ್ತಿದ್ದಾರೆ. ಹುತ್ತರಿ ಹಬ್ಬ ಕಳೆದ ಮೇಲೆ ಮನೆಯಲ್ಲಿ ಮದುವೆ ಇದೆ. ಏನು ಮಾಡಲಿ?

ಸುಂಟಿಕೊಪ್ಪದವಳು:
ಫ್ರೀ ಅಂದರೆ ಆ ಕಡೆ ತಲೆ ಹಾಕಿಯೂ ಮಲಗಬೇಡಿ. ನನಗೂ ಫ್ರೀ ಅಂದಿದ್ದರು. ಲೆಕ್ಕ ಕೇಳಿ. ಮೊದಲ ಪರ್ಮ್‌ಗೆ 7,200. ಅದರ ಮೇಲೆ ಜಿಎಸ್‌ಟಿ 1,296, ಆಗ ಪಾರ್ಲರ್ ಬಿಲ್ಲಿಗೆ 18 ಪರ್ಸೆಂಟ್ ಇತ್ತು. 2025ರ ಸೆಪ್ಟೆಂಬರ್‌ನಲ್ಲಿ 5ಕ್ಕೆ ಇಳಿಸಿದರು, ನನ್ನ ಕೂದಲು ಹೋದ ಮೇಲೆ. ಫ್ರೀ ಪರ್ಮ್‌ಗೆ ಹೋದಾಗ ‘ಔಷಧಿಗೆ ದುಡ್ಡು ಬೇಡ ಮೇಡಂ, ಆದ್ರೆ ಮೊದಲು ಕೂದಲ ಕೊಂಡಿ ಗಟ್ಟಿ ಮಾಡುವ ಬಾಂಡ್ ಟ್ರೀಟ್‌ಮೆಂಟ್ ಮಾಡಿಸಲೇಬೇಕು’ ಅಂದರು. ಅದಕ್ಕೆ 3,500. ಮನೆಗೆ ಶಾಂಪೂ, ಕಂಡೀಷನರ್ ಜೋಡಿ 2,350. ಸೀರಮ್ 899. ಬಸ್ಸಿಗೆ ಶಕ್ತಿ ಯೋಜನೆ ಇತ್ತು, ಅದೊಂದೇ ಉಳಿತಾಯ.

ಸುರುಳಿ ಬಂತು, ಸುಳ್ಳು ಹೇಳಲ್ಲ. ಒಂದು ವಾರ ಎಲ್ಲರೂ ಹೊಗಳಿದರು. ಆಮೇಲೆ ಕತ್ತಿನ ಹಿಂದೆ, ಕೂದಲು ಸುತ್ತಿದ ರಾಡ್‌ಗೆ ರಬ್ಬರ್ ಬ್ಯಾಂಡ್ ಬಿಗಿದಿದ್ದ ಜಾಗದಲ್ಲೇ ಸಾಲಾಗಿ ತುಂಡಾಗುತ್ತಾ ಬಂತು. ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ಅರ್ಧ ಬೆರಳುದ್ದದ ಚೂರುಗಳು. ಬುಡದಿಂದ ಕಿತ್ತು ಬಂದಿದ್ದಲ್ಲ, ಒಂದರಲ್ಲೂ ಬೇರಿನ ಬಿಳಿ ಗುಂಡು ಇರಲಿಲ್ಲ. ಫೋಟೋ ತೆಗೆದು ಕಳಿಸಿದೆ. ‘ನಿಮ್ಮಲ್ಲಿ ಐರನ್ ಕಡಿಮೆ ಇರಬಹುದು, ಬ್ಲಡ್ ಟೆಸ್ಟ್ ಮಾಡಿಸಿ’ ಅಂದರು. ಮಾಡಿಸಿದೆ ಕಣ್ರೀ, 650 ಕೊಟ್ಟು. ಹಿಮೋಗ್ಲೋಬಿನ್ 12.8, ಸರಿಯಾಗೇ ಇತ್ತು. ಆ ರಿಪೋರ್ಟ್ ಕಳಿಸಿದ ಮೇಲೆ ಉತ್ತರವೇ ಇಲ್ಲ.

ಕುಶಾಲನಗರ ಪಾರ್ಲರ್ ಅಕ್ಕ:
ಎಲ್ಲಾ ನಮ್ಮ ತಲೆಗೇ ಕಟ್ಟಬೇಡಿ. ನಾನೂ ಇದೇ ಕೆಲಸದವಳು. ನೀವು ಕುರ್ಚಿಯಲ್ಲಿ ಕೂತು ‘ಏನೂ ಹಾಕಿಲ್ಲ ಅಕ್ಕ, ಬರೀ ಎಣ್ಣೆ’ ಅನ್ನುತ್ತೀರಿ. ರಾಡ್ ಬಿಚ್ಚುವಾಗ ನಿಜ ಗೊತ್ತಾಗುತ್ತದೆ. ಒಬ್ಬರು ಅಂಗಡಿಯ ಕಪ್ಪು ಮೆಹಂದಿ ಹಚ್ಚಿದ್ದನ್ನು ಮುಚ್ಚಿಟ್ಟಿದ್ದರು. ಪರ್ಮ್ ಕೊನೆಗೆ ಹಾಕುವ ನ್ಯೂಟ್ರಲೈಸರ್ ಹಾಕಿದೆ, ಕೂದಲು ಬಿಸಿಯಾಗತೊಡಗಿತು. ಕೈಯಲ್ಲಿ ಹಿಡಿದವಳು ನಾನು, ಗಾಬರಿಯಾಗಿ ನೀರು ಸುರಿದೆ. ಅಂಥ ಕೆಲವು ಬಣ್ಣಗಳಲ್ಲಿ ಲೋಹದ ಲವಣ ಇರುತ್ತದೆ, ನ್ಯೂಟ್ರಲೈಸರ್‌ನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ, ಎರಡೂ ಸೇರಿದರೆ ಹಾಗೇ. ಬಯ್ಗುಳ ಮಾತ್ರ ನನಗೆ.

ಪ್ರಶ್ನೆ ಕೇಳಿದ ತಂಗಿಗೆ: ಒದ್ದೆಯಲ್ಲಿ ಸುರುಳಿ, ಒಣಗಿದರೆ ನಾರು ಅಂದರೆ ಓವರ್‌ಪ್ರೊಸೆಸ್ ಆಗಿದೆ, ಔಷಧಿ ಜಾಸ್ತಿಯಾಗಿದೆ. ಔಷಧಿ ಸಾಲದೇ ಹೋಗಿದ್ದರೆ ಒದ್ದೆಯಲ್ಲೂ ಸುರುಳಿ ಸಡಿಲ ಇರುತ್ತದೆ. ಪರ್ಮ್ ಲೋಷನ್‌ನಲ್ಲಿರುವ ಅಮೋನಿಯಂ ಥಯೋಗ್ಲೈಕೊಲೇಟ್ ಕೂದಲ ಒಳಗಿನ ಡೈಸಲ್ಫೈಡ್ ಕೊಂಡಿಗಳನ್ನು ಬಿಡಿಸುತ್ತದೆ, ನ್ಯೂಟ್ರಲೈಸರ್ ಅವನ್ನು ಹೊಸ ಆಕಾರದಲ್ಲಿ ಮತ್ತೆ ಕೂಡಿಸುತ್ತದೆ. ಬ್ಲೀಚ್ ಆದ ಕಡೆ ಎಷ್ಟೋ ಕೊಂಡಿಗಳು ಮೊದಲೇ ಹೋಗಿರುತ್ತವೆ. ಕೂಡಿಸುವುದಕ್ಕೆ ಏನಿರುತ್ತದೆ ಅಲ್ಲಿ? ನಾನಾಗಿದ್ದರೆ ಹೈಲೈಟ್ಸ್ ನೋಡಿದ ತಕ್ಷಣ ವಾಪಸ್ ಕಳಿಸುತ್ತಿದ್ದೆ. ಕಳಿಸಿದ್ದೇನೆ ಕೂಡ. ಹೋದವರು ಪಕ್ಕದ ಅಂಗಡಿಯಲ್ಲಿ ಮಾಡಿಸಿಕೊಂಡು, ಕೆಟ್ಟ ಮೇಲೆ ನನ್ನ ಹತ್ತಿರವೇ ಬರುತ್ತಾರೆ.

ಸುಂಟಿಕೊಪ್ಪದವಳು:
ನಾನು ಮೆಹಂದಿ ಹಚ್ಚೇ ಇಲ್ಲ. ಓದಿ ಮಾತಾಡಿ.

ಕುಶಾಲನಗರ ಪಾರ್ಲರ್ ಅಕ್ಕ:
ನಿಮಗೆ ಹೇಳಿದ್ದಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ನಾಪೋಕ್ಲು ಬಾಬ್‌ಕಟ್:
ಕತ್ತರಿಸಿ. ಮುಗೀತು. ನಾನು ಕಿವಿ ಕೆಳಗೆ ಕತ್ತರಿಸಿದೆ, 350 ರೂಪಾಯಿ. ಅದಕ್ಕಿಂತ ಮೊದಲು ಪರ್ಮ್‌ಗೆ 5,800, ಪ್ರೋಟೀನ್ ಪ್ಯಾಕ್‌ಗೆ 1,450, ರೇಷ್ಮೆ ದಿಂಬಿನ ಕವರ್‌ಗೆ 780, ಆನ್‌ಲೈನ್ ತರಿಸಿದ, ಹಚ್ಚಿ ತೊಳೆಯದೆ ಬಿಡುವ ಲೀವ್-ಇನ್‌ಗೆ 1,199 ಸುರಿದಿದ್ದೆ. ಇಷ್ಟರಲ್ಲಿ ಕೆಲಸಕ್ಕೆ ಬಂದಿದ್ದು ಆ 350 ಮಾತ್ರ. ಕೂದಲು ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಯಾವ ಎಣ್ಣೆ ಹಚ್ಚಿದರೂ ಅದರ ಮೇಲೆ ಜಾಸ್ತಿ ಓಡುವುದಿಲ್ಲ. ಸತ್ತ ಭಾಗವನ್ನು ಸಾಕುತ್ತಾ ಕೂರುವುದು ಯಾಕೆ?

ಅತ್ತೆ ಒಂದು ವಾರ ಮಾತಾಡಲಿಲ್ಲ. ‘ಮದುವೆ ಮನೆಗೆ ಹೀಗೇ ಬರ್ತೀಯಾ?’ ಅಂದರು. ಬಂದೆ. ತಲೆಗೆ ನಮ್ಮ ಕೊಡವ ಪದ್ಧತಿಯ ವಸ್ತ್ರ ಕಟ್ಟಿದೆ, ಸೀರೆ ನೆರಿಗೆ ಹಿಂದಕ್ಕೆ ಹಾಕಿದೆ, ಫೋಟೋದಲ್ಲಿ ಕೂದಲು ಎಷ್ಟು ಉದ್ದ ಅಂತ ಯಾರಿಗೂ ಗೊತ್ತಾಗಲಿಲ್ಲ. ವಾಲಗಕ್ಕೆ ಕುಣಿದಾಗ ಕತ್ತು ಬೆವರಲೂ ಇಲ್ಲ.

ಪೊನ್ನಂಪೇಟೆ ಕಾಫಿಹೂವು:
ವಸ್ತ್ರ ಕಟ್ಟುವುದು ಕೆಟ್ಟ ಕೂದಲು ಮುಚ್ಚಿಕೊಳ್ಳುವುದಕ್ಕಾ? ಸ್ವಲ್ಪ ಮರ್ಯಾದೆ ಇಟ್ಟುಕೊಂಡು ಬರೆಯಿರಿ. ಕತ್ತರಿಸುವುದು ಸುಲಭ. ಸೊಂಟದವರೆಗೆ ಬೆಳೆಸಿದವರಿಗೆ ಗೊತ್ತು ಕಷ್ಟ.

ನಾನು ಒಂದು ಬೆರಳೂ ಕತ್ತರಿಸದೆ ಉಳಿಸಿಕೊಂಡೆ. ದಾಸವಾಳದ ಎಲೆ, ಬಿಳಿ ಒಂಟಿ ದಳದ ಗಿಡದ್ದು. ನೀರಲ್ಲಿ ಹಿಸುಕಿದರೆ ಲೋಳೆ ಬರುತ್ತದೆ, ಬಟ್ಟೆಯಲ್ಲಿ ಸೋಸಲೇಬೇಕು. ಸೋಸದಿದ್ದರೆ ಸುರುಳಿಯೊಳಗೆ ಎಲೆಯ ಚೂರು ಸಿಕ್ಕಿಕೊಂಡು ಮಾರನೇ ದಿನವೂ ಉದುರುತ್ತದೆ. ಒದ್ದೆ ತಲೆಗೆ ಆ ಲೋಳೆ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಬೇಕು. ತಲೆ ತೊಳೆಯುವ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ. ಅದು ಕೂದಲ ಒಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ. ಖರ್ಚು ಅಂದರೆ ಎಣ್ಣೆಯದ್ದು ಮಾತ್ರ. ಅದೂ ಈಗ ಲೀಟರಿಗೆ ಎಷ್ಟಾಗಿದೆ ನೋಡಿ, ಪಲ್ಯಕ್ಕೆ ಹಾಕಲೂ ಯೋಚನೆ ಮಾಡಬೇಕು.

ಕುಶಾಲನಗರ ಪಾರ್ಲರ್ ಅಕ್ಕ:
ದಾಸವಾಳ ಹೊರಗೆ ನುಣುಪು ಕೊಡುತ್ತದೆ ಅಷ್ಟೆ. ಒಳಗೆ ಹೋದ ಕೊಂಡಿ ಕೂಡಿಸುವುದಿಲ್ಲ.

ಪೊನ್ನಂಪೇಟೆ ಕಾಫಿಹೂವು:
ನಿಮ್ಮ 3,500 ರೂಪಾಯಿ ಟ್ರೀಟ್‌ಮೆಂಟ್ ಕೂಡಿಸುತ್ತದಾ?

ಕುಶಾಲನಗರ ಪಾರ್ಲರ್ ಅಕ್ಕ:
3,500 ತಗೊಂಡವಳು ನಾನಲ್ಲ. ನನ್ನ ಅಂಗಡಿಯಲ್ಲಿ 1,200.

ಸೋಮವಾರಪೇಟೆ ಸ್ಟ್ರೈಟ್:
ನಾನು ಪರ್ಮ್ ಕೆಟ್ಟ ಮೇಲೆ ಕೂದಲು ನೇರ ಮಾಡುವ ಕೆರಾಟಿನ್ ಮಾಡಿಸಿದೆ. 8,000. ನನಗೆ ಪಶ್ಚಾತ್ತಾಪ ಇಲ್ಲ. ಇಲ್ಲಿ ಎಲ್ಲರೂ ಕೆಮಿಕಲ್ ಅಂದರೆ ಭೂತ ಕಂಡಂತೆ ಆಡುತ್ತೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಗುಂಗುರು ಕೂದಲು ಒಣಗುತ್ತದಾ? ಮಂಜಿನ ನೀರು ಹೀರಿ ಉಬ್ಬಿ ನಿಲ್ಲುತ್ತದೆ. ಡ್ರೈಯರ್ ಹಾಕೋಣ ಅಂದರೆ ಕರೆಂಟ್ ಇಲ್ಲ. ಬೆಂಗಳೂರಿನವರು ವೀಡಿಯೋದಲ್ಲಿ ‘ಗಾಳಿಗೆ ಒಣಗಲು ಬಿಡಿ’ ಅನ್ನುತ್ತಾರೆ. ಒಂದು ಆಷಾಢ ಇಲ್ಲಿ ಬಂದು ಬಿಟ್ಟು ನೋಡಲಿ. ನಾನು ಆಫೀಸಿಗೆ ಒದ್ದೆ ತಲೆಯಲ್ಲೇ ಹೋಗಿ ಹೋಗಿ ಸಾಕಾಗಿ ಮಾಡಿಸಿದ್ದು.

ತುದಿ ಸ್ವಲ್ಪ ಸುಟ್ಟಿತು, ಹೌದು. ಕೂದಲು ಒತ್ತುವ ಐರನ್ ಬಿಸಿ ಜಾಸ್ತಿ ಇಟ್ಟರು. ಕಣ್ಣು ಉರಿದು ನೀರು ಬಂತು, ಸಂಜೆವರೆಗೆ ಗಂಟಲು ಕೆರೆಯಿತು. ಆದರೂ ನಾಲ್ಕು ತಿಂಗಳು ನೆಮ್ಮದಿ.

ಸುಂಟಿಕೊಪ್ಪದವಳು:
ಕಣ್ಣು ಉರಿದು ಗಂಟಲು ಕೆರೆದರೂ ನೆಮ್ಮದಿ ಅಂತೀರಲ್ಲ! ಅದು ಫಾರ್ಮಾಲ್ಡಿಹೈಡ್ ಆವಿ ಇರಬಹುದು. ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಅದಿದೆ.

ಸೋಮವಾರಪೇಟೆ ಸ್ಟ್ರೈಟ್:
ನನ್ನದು ಫಾರ್ಮಾಲ್ಡಿಹೈಡ್ ಫ್ರೀ. ಡಬ್ಬದ ಮೇಲೇ ಬರೆದಿತ್ತು.

ಕುಶಾಲನಗರ ಪಾರ್ಲರ್ ಅಕ್ಕ:
ಫ್ರೀ ಅಂತ ಬರೆದಿದ್ದರೂ ಒಳಗೆ ಏನಿದೆ ಓದಬೇಕು. ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಬಿಡುವ ಬೇರೆ ವಸ್ತುಗಳೂ ಇವೆ. ಗ್ಲೈಆಕ್ಸಿಲಿಕ್ ಆಸಿಡ್ ಇರುವ ಸ್ಟ್ರೈಟನಿಂಗ್ ಮಾಡಿಸಿಕೊಂಡವರಿಗೆ ಕಿಡ್ನಿ ತೊಂದರೆ ಆದ ಪ್ರಕರಣಗಳನ್ನು ಹೊರದೇಶದ ಡಾಕ್ಟರ್‌ಗಳು ವರದಿ ಮಾಡಿದ್ದಾರೆ. ನಾನು ಆ ಕೆಲಸ ನಿಲ್ಲಿಸಿದ್ದೇ ಅದಕ್ಕೆ. ಇಡೀ ದಿನ ಆ ಹೊಗೆ ಕುಡಿಯುವವಳು ನಾನು, ನೀವಲ್ಲ. ರೀಬಾಂಡಿಂಗ್ ಅಂತ ಹೋದರೆ ಅದೂ ಪರ್ಮ್‌ನದೇ ಥಯೋ ಔಷಧಿ, ಸುರುಳಿಯ ಬದಲು ಸಪಾಟು ಮಾಡುತ್ತಾರೆ ಅಷ್ಟೆ. ಕೂದಲು ನೇರ ಮಾಡುವ ಹೈಡ್ರಾಕ್ಸೈಡ್ ರಿಲ್ಯಾಕ್ಸರ್ ಅಂತೂ ಪರ್ಮ್ ಆದ ಕೂದಲಿಗೆ ಮುಟ್ಟಿಸಲೇಬಾರದು, ಕೈಗೇ ಬರುತ್ತದೆ.

ಸೋಮವಾರಪೇಟೆ ಸ್ಟ್ರೈಟ್:
ಎಲ್ಲಾ ಗೊತ್ತಿರುವವರು ಕುಶಾಲನಗರದಲ್ಲಿ ಯಾಕಿದ್ದೀರಿ?

ಕುಶಾಲನಗರ ಪಾರ್ಲರ್ ಅಕ್ಕ:
ಬಾಡಿಗೆ ಕಡಿಮೆ.

ಮಡಿಕೇರಿ ಗ್ರಾಹಕ:
ಗಂಡಸು ಇಲ್ಲಿ ಯಾಕೆ ಅನ್ನಬೇಡಿ. ನನ್ನ ಹೆಂಡತಿಗೆ ಆಗಿದ್ದು, ದುಡ್ಡು ಕೊಟ್ಟಿದ್ದು ನಾನು. ಪರ್ಮ್ 9,000, ನೆತ್ತಿ ಸುಟ್ಟಿದ್ದಕ್ಕೆ ಚರ್ಮದ ಡಾಕ್ಟರ್ ಫೀಸು 600, ಮುಲಾಮು 428, ಎರಡನೇ ಭೇಟಿ 400, ಮೈಸೂರಿಗೆ ಕಾರಿನ ಪೆಟ್ರೋಲ್ ಬೇರೆ. 120 ಕಿಲೋಮೀಟರ್ ಹೋಗಿ ಜಗಳ ಆಡಿ 120 ಕಿಲೋಮೀಟರ್ ವಾಪಸ್. ಅವರು ಕೊಟ್ಟಿದ್ದು ಒಂದು ಫೇಶಿಯಲ್ ಕೂಪನ್.

ಸುಮ್ನೆ ಕೂರಬೇಡಿ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಸಲೂನ್ ಮೈಸೂರಿನದಾದರೂ ಪರವಾಗಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ದೆಹಲಿಯಲ್ಲಿ ಕೂದಲು ತಪ್ಪಾಗಿ ಕತ್ತರಿಸಿದ್ದಕ್ಕೆ 2021ರಲ್ಲಿ ರಾಷ್ಟ್ರೀಯ ಆಯೋಗ 2 ಕೋಟಿ ಕೊಡಿ ಅಂತ ಆದೇಶಿಸಿತ್ತು, ಗೊತ್ತಾ?

ನಾಪೋಕ್ಲು ಬಾಬ್‌ಕಟ್:
ಅರ್ಧ ಕಥೆ ಹೇಳಬೇಡಿ ಸರ್. 2023ರಲ್ಲಿ ಸುಪ್ರೀಂ ಕೋರ್ಟ್ ಆ 2 ಕೋಟಿ ಆದೇಶವನ್ನು ರದ್ದು ಮಾಡಿ, ನಷ್ಟಕ್ಕೆ ಪುರಾವೆ ನೋಡಿ ಮತ್ತೆ ತೀರ್ಮಾನಿಸಿ ಅಂತ ವಾಪಸ್ ಕಳಿಸಿತು. ದೂರು ಕೊಟ್ಟಾಕೆ ಮಾಡೆಲ್, ಕೂದಲಿಂದ ಸಂಪಾದನೆ ಇತ್ತು ಅನ್ನುವುದೇ ವಾದ. ಕಾಫಿ ಕುಯ್ಲು ಲೆಕ್ಕ ಬರೆಯುವ ನಮಗೆ ಯಾವ ಸಂಪಾದನೆ ಹೋಯ್ತು ಅಂತ ತೋರಿಸೋದು?

ಮಡಿಕೇರಿ ಗ್ರಾಹಕ:
ನಾನು 2 ಕೋಟಿ ಕೇಳಿ ಅನ್ನಲಿಲ್ಲ. ಕೊಟ್ಟ ದುಡ್ಡು ಕೇಳಿ ಅಂದೆ. ಬಿಲ್ ಇದೆಯಾ? ಫೋಟೋ ಇದೆಯಾ? ‘ಫ್ರೀಯಾಗಿ ಮಾಡಿಕೊಡ್ತೀವಿ’ ಅಂದಿದ್ದು ವಾಟ್ಸಾಪ್‌ನಲ್ಲಾದರೆ ಅಳಿಸಬೇಡಿ. ಕೆಲಸ ಸರಿಯಿಲ್ಲ ಅಂತ ಅವರೇ ಒಪ್ಪಿಕೊಂಡ ಹಾಗೆ.

ಕುಶಾಲನಗರ ಪಾರ್ಲರ್ ಅಕ್ಕ:
ಒಪ್ಪಿಕೊಂಡ ಹಾಗೆ ಅಲ್ಲ. ಗಿರಾಕಿ ಅತ್ತುಕೊಂಡು ಬಂದರೆ ನಾವು ಏನೋ ಒಂದು ಮಾಡಿಕೊಡುತ್ತೇವೆ. ಅದನ್ನೇ ಕೋರ್ಟಿಗೆ ತಗೊಂಡು ಹೋದರೆ ನಾಳೆಯಿಂದ ಯಾರೂ ಒಳ್ಳೆ ಮಾತು ಆಡುವುದಿಲ್ಲ.

ಮಡಿಕೇರಿ ಗ್ರಾಹಕ:
ನನ್ನ ಹೆಂಡತಿಗೆ ಯಾರೂ ಒಳ್ಳೆ ಮಾತೂ ಆಡಲಿಲ್ಲ, ಮೇಡಂ.

ಪೊನ್ನಂಪೇಟೆ ಕಾಫಿಹೂವು:
ಇದಕ್ಕೆಲ್ಲಾ ಮೈಸೂರಿಗೆ ಯಾಕೆ ಓಡುವುದು? ಗೋಣಿಕೊಪ್ಪದಲ್ಲಿ ಪಾರ್ಲರ್ ಇಲ್ವಾ? ಎದುರಿಗೆ ಸಿಗುವವರಾದರೆ ಕೈ ತಪ್ಪಿ ಕೆಲಸ ಮಾಡಲು ಹೆದರುತ್ತಾರೆ. ಸಂತೆಯಲ್ಲಿ ಸಿಕ್ಕರೆ ಕೇಳಬಹುದು.

ಸೋಮವಾರಪೇಟೆ ಸ್ಟ್ರೈಟ್:
ಇಲ್ಲಿ ಮಾಡಿಸಿದರೆ ನಾನು ಏನು ಮಾಡಿಸಿದೆ, ಎಷ್ಟು ಕೊಟ್ಟೆ ಅಂತ ಸಂಜೆಯೊಳಗೆ ಅತ್ತೆ ಮನೆಗೆ ಸುದ್ದಿ. ಅದಕ್ಕೇ ಮೈಸೂರು.

ನಾಪೋಕ್ಲು ಬಾಬ್‌ಕಟ್:
ಇದೊಂದು ಮಾತು ನಿಜ.

ವಿರಾಜಪೇಟೆ ಮಳೆಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಫ್ರೀ ಪರ್ಮ್ ಬೇಡ ಅಂತ ಸಲೂನ್‌ಗೆ ಮೆಸೇಜ್ ಹಾಕಿದೆ, ದುಡ್ಡು ವಾಪಸ್ ಕೇಳಿದ್ದೇನೆ. ಮ್ಯಾನೇಜರ್ ರಜೆಯಲ್ಲಿದ್ದಾರಂತೆ. ಕುಶಾಲನಗರ ಅಕ್ಕ, ಕತ್ತರಿಸುವುದಾದರೆ ಎಲ್ಲಿವರೆಗೆ? ಹೈಲೈಟ್ಸ್ ಕೆನ್ನೆ ಹತ್ತಿರದಿಂದಲೇ ಶುರುವಾಗುತ್ತದೆ.

ಕುಶಾಲನಗರ ಪಾರ್ಲರ್ ಅಕ್ಕ:
ಒಂದೇ ಸಲ ಬೇಡ. ಹಿಂದೆ ಭುಜದವರೆಗೆ ಇಟ್ಟು, ಮುಂದೆ ಬ್ಲೀಚ್ ಆದ ಭಾಗವನ್ನು ಪದರ ಪದರವಾಗಿ ತೆಗೆಸಿ. ಒಣಗಿದ ಕೂದಲನ್ನೇ ಕತ್ತರಿಸಲು ಹೇಳಿ. ಗುಂಗುರು ಒದ್ದೆಯಲ್ಲಿ ಉದ್ದ ಕಾಣುತ್ತದೆ, ಒಣಗಿದ ಮೇಲೆ ಮೇಲೇರುತ್ತದೆ, ಆಗ ನನ್ನನ್ನು ಬಯ್ಯುತ್ತೀರಿ. ಮದುವೆವರೆಗೆ ಸ್ಟ್ರೈಟ್ನರ್ ಮುಟ್ಟಬೇಡಿ. ಒದ್ದೆ ತಲೆಗೆ ಟವೆಲ್ ಉಜ್ಜಬೇಡಿ, ಹಳೇ ಕಾಟನ್ ಟೀ ಶರ್ಟ್‌ನಲ್ಲಿ ಒತ್ತಿ. ತೊಳೆದಾಗೆಲ್ಲಾ ಕಂಡೀಷನರ್, ತುದಿಗೆ ಜಾಸ್ತಿ. ಬುಡದಿಂದ ಬರುತ್ತಿರುವುದು ನಿಮ್ಮ ಸ್ವಂತ ಗುಂಗುರು, ಅದಕ್ಕೆ ಏನೂ ಆಗಿಲ್ಲ.

ಪೊನ್ನಂಪೇಟೆ ಕಾಫಿಹೂವು:
ದಾಸವಾಳವನ್ನೂ ಹೇಳಬಹುದಿತ್ತು.

ಕುಶಾಲನಗರ ಪಾರ್ಲರ್ ಅಕ್ಕ:
ಹಚ್ಚಲಿ, ಬೇಡ ಅಂದವರು ಯಾರು? ಸೋಸಿ ಹಚ್ಚಲಿ.

ಸುಂಟಿಕೊಪ್ಪದವಳು:
ಮ್ಯಾನೇಜರ್ ರಜೆ ಅಂದರಾ? ನನಗೂ ಅದನ್ನೇ ಹೇಳಿದ್ದರು. ಅದೇ ಸಲೂನಾ? ರೈಲ್ವೆ ಸ್ಟೇಷನ್ ಕಡೆ, ಮೊದಲ ಮಹಡಿ, ಲಿಫ್ಟ್ ಕೆಟ್ಟಿರೋದು? ಇಲ್ಲಿ ಹೆಸರು ಹಾಕಬೇಡಿ, ಮೆಸೇಜ್ ಮಾಡಿ.