ಮಗು ಹೊಟ್ಟೆಯಲ್ಲಿರುವಾಗ ನರಗಳಿಗೆ ದಾರಿ ಹೇಗೆ ಗೊತ್ತಾಗುತ್ತದೆ?

ಪೊನ್ನಂಪೇಟೆ_ತೋಟ:
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಮರ ಕಪಾತು ಮಾಡುವಾಗ ನನ್ನ ತಮ್ಮನ ಮಣಿಕಟ್ಟಿಗೆ ಕತ್ತಿ ತಗುಲಿ ನರ ತುಂಡಾಗಿತ್ತು. ಆಪರೇಷನ್ ಮಾಡಿ ಹೊಲಿದರು. ದಿನಕ್ಕೆ ಹೆಚ್ಚು ಕಡಿಮೆ 1 ಮಿಲಿಮೀಟರ್ ಬೆಳೆಯುತ್ತದೆ, ಕಾಯಬೇಕು ಅಂದರು ಡಾಕ್ಟರು. ಈಗ ಸ್ಪರ್ಶ ಬಂದಿದೆ, ಆದರೆ ತೋರುಬೆರಳು ಮುಟ್ಟಿದರೆ ನಡುಬೆರಳು ಮುಟ್ಟಿದ ಹಾಗಾಗುತ್ತದಂತೆ! ಬೆಳೆದ ಮನುಷ್ಯನಲ್ಲೇ ಹೀಗೆ ದಾರಿ ತಪ್ಪುವ ನರ, ಮಗು ಹೊಟ್ಟೆಯಲ್ಲಿರುವಾಗ ಮೊದಲ ಸಲ ಅಷ್ಟು ಸರಿಯಾಗಿ ಹೋಗಿ ಸೇರುವುದು ಹೇಗೆ? ಮೆಣಸಿನ ಬಳ್ಳಿ ಹತ್ತಿರದ ಮರ ಹಿಡಿದು ಹತ್ತುವ ಹಾಗೆ, ಸುಮ್ನೆ ಸಿಕ್ಕಿದ್ದನ್ನು ಹಿಡಿದು ಹೋಗುತ್ತದಾ?

ಮಡಿಕೇರಿ_ಝುವಾಲಜಿ:
ಬಳ್ಳಿಗೆ ಯಾವ ಮರವಾದರೂ ಆದೀತು, ನರಕ್ಕೆ ಹಾಗಲ್ಲ ಅಣ್ಣಾ. ಬೆಳೆಯುವ ಪ್ರತಿ ನರದೆಳೆಯ ತುದಿಯಲ್ಲಿ ಗ್ರೋತ್ ಕೋನ್ ಅಂತ ಒಂದು ಭಾಗ ಇರುತ್ತದೆ. ಸ್ಪೇನಿನ ವಿಜ್ಞಾನಿ ರಮೋನ್ ಇ ಕಹಾಲ್ 1890ರಲ್ಲಿ ಕೋಳಿಯ ಭ್ರೂಣದಲ್ಲಿ ಇದನ್ನು ಗುರುತಿಸಿದ್ದರು. ಅದರಿಂದ ತೀರಾ ಸಣ್ಣ ಬೆರಳಿನಂಥ ಚಾಚುಗಳು ಹೊರಬಂದು, ಸುತ್ತ ತಡಕಿ, ಮತ್ತೆ ಒಳಗೆ ಹೋಗುತ್ತಿರುತ್ತವೆ. ಅಕ್ಕಪಕ್ಕದ ಜೀವಕೋಶಗಳ ಕೆಲವು ಪ್ರೋಟೀನ್‌ಗಳು ಆ ತುದಿಯನ್ನು ಕರೆಯುತ್ತವೆ, ಕೆಲವು ದೂರ ಅಟ್ಟುತ್ತವೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೆನ್ನುಹುರಿಯ ಕಥೆ. ಅಲ್ಲಿ ಕೆಲವು ಎಳೆಗಳು ನಡುಗೆರೆ ದಾಟಿ ಆ ಕಡೆಗೆ ಹೋಗಬೇಕು. ನಡುವಿನಿಂದ ಬರುವ ನೆಟ್ರಿನ್ ಅನ್ನುವ ಪ್ರೋಟೀನ್ ಅವುಗಳನ್ನು ಎಳೆಯುತ್ತದೆ. ಹಾಗಾದರೆ ಅಲ್ಲೇ ಅಂಟಿಕೊಂಡು ಕೂರಬೇಕಿತ್ತು, ಅಲ್ವಾ? ಕೂರುವುದಿಲ್ಲ. ಅದೇ ನಡುಗೆರೆಯಲ್ಲಿ ಸ್ಲಿಟ್ ಅನ್ನುವ, ಅಟ್ಟುವ ಪ್ರೋಟೀನ್ ಕೂಡ ಇದೆ. ದಾಟುವ ಮೊದಲು ತುದಿಗೆ ಅದು ಅಷ್ಟಾಗಿ ಕೇಳಿಸುವುದಿಲ್ಲ. ದಾಟಿದ ಮೇಲೆ ಅದನ್ನು ಹಿಡಿಯುವ ರೋಬೋ ಅನ್ನುವ ಗ್ರಾಹಕ ಪ್ರೋಟೀನ್ ತುದಿಯ ಮೈಮೇಲೆ ಜಾಸ್ತಿಯಾಗುತ್ತದೆ, ಆಗ ಎಳೆ ಹಿಂದಿರುಗದೆ ಮುಂದಕ್ಕೇ ಹೋಗುತ್ತದೆ. ಪೂರ್ತಿ ದಾರಿಯ ನಕ್ಷೆ ಎಳೆಯ ಒಳಗೆ ಎಲ್ಲೂ ಇಲ್ಲ. ಆ ಹೊತ್ತಿಗೆ ಪಕ್ಕದಲ್ಲಿ ಏನಿದೆ, ತನಗೆ ಆಗ ಏನು ಕೇಳಿಸುತ್ತದೆ, ಅಷ್ಟರಿಂದಲೇ ನಡೆಯುತ್ತದೆ.

ಕುಶಾಲನಗರ_77:
ಎಲ್ಲಾ ಕೆಮಿಕಲ್ ಅಂತ ಒಪ್ಪುವುದು ಕಷ್ಟ ಮೇಡಂ. ಮೊದಲು ಎಲ್ಲೆಲ್ಲೋ ಸೇರಿ, ಆಮೇಲೆ ಬಳಸುತ್ತಾ ಬಳಸುತ್ತಾ ಸರಿಹೋಗಬಾರದಾ?

ಮಡಿಕೇರಿ_ಝುವಾಲಜಿ:
ಹಿಂದೆ ದೊಡ್ಡ ದೊಡ್ಡವರೂ ಹಾಗೇ ಅಂದುಕೊಂಡಿದ್ದರು. 1940ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ರೋಜರ್ ಸ್ಪೆರಿ ನ್ಯೂಟ್ ಅನ್ನುವ, ಹಲ್ಲಿಯಂತೆ ಕಾಣುವ ಉಭಯಚರದ ಕಣ್ಣಿನ ನರ ಕತ್ತರಿಸಿ, ಕಣ್ಣನ್ನು 180 ಡಿಗ್ರಿ ತಿರುಗಿಸಿ ಇಟ್ಟರು. ನರ ಮತ್ತೆ ಬೆಳೆಯಿತು, ಕಣ್ಣೂ ಕಂಡಿತು. ಆದರೆ ಆಹಾರ ಮೇಲಿದ್ದರೆ ಪ್ರಾಣಿ ಕೆಳಗೆ ಬಾಯಿ ಹಾಕುತ್ತಿತ್ತು. ಎಷ್ಟು ದಿನ ಕಳೆದರೂ ತಿದ್ದಿಕೊಳ್ಳಲಿಲ್ಲ. ಅಂದರೆ ಪ್ರತಿ ಎಳೆಯೂ ಮಿದುಳಿನಲ್ಲಿ ತನ್ನ ಹಳೆಯ ಜಾಗಕ್ಕೇ ಹೋಗಿ ಸೇರಿತ್ತು. ಅಲ್ಲಿ ಗುರುತಾಗಿ ಕೆಲಸ ಮಾಡುವ ಎಫ್ರಿನ್ ಪ್ರೋಟೀನ್‌ಗಳು ಸಿಕ್ಕಿದ್ದು 1990ರ ದಶಕದಲ್ಲಿ.

ನಿಮ್ಮ ಮಾತಿನಲ್ಲೂ ಅರ್ಧ ನಿಜ ಇದೆ. ಎಳೆಗಳು ಊರು ಮುಟ್ಟಿದ ಮೇಲೆ ಯಾವ ಸಂಪರ್ಕ ಉಳಿಯಬೇಕು ಅನ್ನುವುದರಲ್ಲಿ ಬಳಕೆಯ ಪಾಲು ದೊಡ್ಡದು. ಹುಟ್ಟುವಾಗಲೇ ಕಣ್ಣಿಗೆ ಪೊರೆ ಇರುವ ಮಕ್ಕಳಿಗೆ ಬೇಗ ಆಪರೇಷನ್ ಮಾಡಿಸಿ ಅನ್ನುವುದು ಅದಕ್ಕೇ.

ವಿರಾಜಪೇಟೆ_ಫಿಸಿಯೋ:
ತಮ್ಮನ ವಿಷಯಕ್ಕೆ ಬರುತ್ತೇನೆ. ಕೈಯ ನರ ತುಂಡಾದ ಮೇಲೂ, ಎಳೆಗಳನ್ನು ಸುತ್ತಿಕೊಂಡಿರುವ ಶ್ವಾನ್ ಕೋಶಗಳ ಕೊಳವೆಗಳು ಉಳಿದಿರುತ್ತವೆ. ಹೊಸ ಎಳೆ ಅದರೊಳಗೆ ನುಗ್ಗಿ ಬೆಳೆಯುತ್ತದೆ. ಹೊಲಿಗೆ ಎಷ್ಟೇ ಚೆನ್ನಾಗಿದ್ದರೂ ಸಾವಿರಾರು ಎಳೆಗಳು ತಂತಮ್ಮ ಹಳೇ ಕೊಳವೆಗೇ ಹೋಗುತ್ತವೆ ಅನ್ನುವ ಹಾಗಿಲ್ಲ. ನಡುಬೆರಳಿನ ಎಳೆ ತೋರುಬೆರಳಿನ ಕೊಳವೆಗೆ ಹೋಗಿರುತ್ತದೆ, ಅಷ್ಟೇ.

ಎಳೆಯನ್ನು ಬದಲಿಸಲು ಆಗುವುದಿಲ್ಲ, ಆದರೆ ನ್ಯೂಟ್ ಹಾಗಲ್ಲ ನಾವು, ಮಿದುಳಿಗೆ ಸ್ವಲ್ಪ ಮಟ್ಟಿಗೆ ಹೊಸದಾಗಿ ಕಲಿಸಬಹುದು. ನಾಣ್ಯ, ಬಟ್ಟೆ, ಕಾಫಿ ಬೀಜ ಏನಾದರೂ ಸರಿ, ಮೊದಲು ನೋಡುತ್ತಾ ಮುಟ್ಟಲಿ, ಆಮೇಲೆ ಕಣ್ಣು ಮುಚ್ಚಿ ಹೇಳಲಿ. ದಿನಾ ಮಾಡಲಿ, ತಿಂಗಳುಗಟ್ಟಲೆ ಹಿಡಿಯುತ್ತದೆ. ಹತ್ತಿರದ ಫಿಸಿಯೋ ಹತ್ತಿರ ಒಮ್ಮೆ ತೋರಿಸಿ. ಅಲ್ಲಿಯವರೆಗೆ ಒಲೆ ಮತ್ತು ಬಿಸಿನೀರಿನ ಹತ್ತಿರ ಆ ಕೈ ಜೋಪಾನ, ಸುಟ್ಟರೂ ತಕ್ಷಣ ಗೊತ್ತಾಗುವುದಿಲ್ಲ.