ತೊಗರಿಬೇಳೆ ರಿಪೋರ್ಟಿನಾಗ ಎಲ್ಲಾ 'ಪತ್ತೆಯಾಗಿಲ್ಲ' ಬಂದದ, ಗ್ಲೈಫೋಸೇಟ್ (ಕಳೆನಾಶಕ) ಟೆಸ್ಟ್ ಬೇರೆ ಮಾಡಿಸಬೇಕೇನ್ರೀ?

ಇಂಡಿ_ತೊಗರಿ
ಪಾಲಿಶ್ ಮಾಡದ ತೊಗರಿಬೇಳೆ. ಮಲ್ಟಿ ರೆಸಿಡ್ಯೂ ಟೆಸ್ಟ್ (ಒಮ್ಮೆಗೇ ಹಲವು ಔಷಧದ ಶೇಷ ಹುಡುಕೂದು) ಆಗ್ಯದ, ಎಲ್ಲಾದಕ್ಕೂ 'ಪತ್ತೆಯಾಗಿಲ್ಲ' ಅಂತ ಅದ. ಖರೀದಿದಾರರು ಗ್ಲೈಫೋಸೇಟ್ ರಿಪೋರ್ಟ್ ಬೇರೆ ಕೇಳ್ತಾರ. ಅದು ಇದರೊಳಗ ಬರೂದಿಲ್ಲೇನು? ಒಣದ್ರಾಕ್ಷಿನೂ ಕಳಿಸೂದದ.

ಶೇಷ_ವಿಶ್ಲೇಷಕ, ಬೆಳಗಾವಿ
ಬರೂದಿಲ್ಲರಿ. ಮಲ್ಟಿ ರೆಸಿಡ್ಯೂ ಅಂದ್ರ ಸಾಮಾನ್ಯವಾಗಿ ಕ್ವೆಚರ್ಸ್ ವಿಧಾನ. ಅದರಾಗ ಉಪ್ಪು ಹಾಕಿ ನೀರು, ಅಸಿಟೋನೈಟ್ರೈಲ್ ಅನ್ನೋ ದ್ರಾವಕ ಬೇರೆ ಮಾಡಿ, ಮ್ಯಾಲಿನ ಅಸಿಟೋನೈಟ್ರೈಲ್ ಅಷ್ಟ ಮಷೀನಿಗೆ ಕೊಡತಾರ. ಗ್ಲೈಫೋಸೇಟ್ ಕೆಳಗಿನ ನೀರಿನಾಗ ಉಳೀತೈತಿ. ರಿಪೋರ್ಟಿನ ಪಟ್ಟಿ ತೆಗೆದು ನೋಡ್ರಿ, ಹೆಸರು ಇಲ್ಲದ್ದನ್ನ ಅವರು ಹುಡುಕೇ ಇಲ್ಲ. ಪೆಂಡಿಮೆಥಾಲಿನ್ ಅನ್ನೋ ಕಳೆನಾಶಕ ಕ್ವೆಚರ್ಸ್‌ನಾಗ ಸಿಗತೈತಿ. 2,4-ಡಿ, ಇಮಾಜೆಥಾಪಿರ್ ಕಳೆನಾಶಕ ಆಮ್ಲದ ಗುಣದವು, ಶುದ್ಧ ಮಾಡಾಕ ಹಾಕೋ ಪಿಎಸ್‌ಎ ಪುಡಿಗೆ ಅಂಟಿಕೊಂಡು ಕಳೆದು ಹೋಗತಾವ. ಪಿಎಸ್‌ಎ ಹಾಕದ ಭಾಗದಾಗ ನೋಡೀರೇನು ಅಂತ ಲ್ಯಾಬಿಗೆ ಕೇಳ್ರಿ.

ಗ್ಲೈಫೋಸೇಟಿಗೆ, ನೀರಿನಾಗ ಉಳಿಯೋ ಇಂಥವಕ್ಕ ಇರೋ ಕ್ಯುಪ್ಪೆ ವಿಧಾನ: 5 ಗ್ರಾಂ ಬೇಳೆಹಿಟ್ಟು, ಸುಮಾರು 10 ಮಿಲಿ ನೀರು, 1% ಫಾರ್ಮಿಕ್ ಆಮ್ಲ ಇರೋ ಮೆಥನಾಲ್ 10 ಮಿಲಿ. ಬೇಳೆಗೆ 10% ಇಡಿಟಿಎ ದ್ರಾವಣ 1 ಮಿಲಿ ಹಾಕಲೇಬೇಕು, ಇಲ್ಲಾಂದ್ರ ಕ್ಯಾಲ್ಸಿಯಂನಂಥ ಲೋಹ ಗ್ಲೈಫೋಸೇಟನ್ನ ಹಿಡಕೊಂಡು ಬಿಡತೈತಿ. ಆಮೇಲೆ ಅಸಿಟೋನೈಟ್ರೈಲ್ ಹಾಕಿ ಹಾಲು ಒಡೆದಂಗ ಪ್ರೋಟೀನ್ ಗಟ್ಟಿಯಾಗಿಸಿ ತೆಗೀಬೇಕು. ಐಸೊಟೋಪ್ ಗುರುತಿನ ಗ್ಲೈಫೋಸೇಟ್ (ಹೋಲಿಕೆಗೆ ಹಾಕೋದು, ಮಷೀನಿಗೆ ಬೇರೆಯಾಗಿ ಕಾಣತೈತಿ) ಮೊದಲಿಗೇ ಸೇರಿಸಿರಬೇಕು, ಕಡೀಕ ಸೇರಿಸಿದ್ರ ನಡುವೆ ಹೋದದ್ದು ಗೊತ್ತಾಗೂದಿಲ್ಲ. ಬಾಟಲಿ ಪ್ಲಾಸ್ಟಿಕ್‌ದು ಇರಲಿ, ಗಾಜಿಗೆ ಅದು ಅಂಟತೈತಿ. ರಿಕವರಿ (ಗೊತ್ತಿದ್ದಷ್ಟು ಸೇರಿಸಿದ್ದರಾಗ ವಾಪಸ್ ಸಿಕ್ಕ ಪಾಲು) 70ರಿಂದ 120% ಒಳಗ ಐತೇನು, ಗ್ಲೈಫೋಸೇಟ್ ಒಡೆದು ಆಗೋ ಆಂಪಾನೂ ಅಳತೆ ಮಾಡ್ಯಾರೇನು ನೋಡ್ರಿ.

ಮುಧೋಳ_ಗುಣಮಟ್ಟ
ಎಲ್‌ಒಕ್ಯೂ (ಲ್ಯಾಬ್ ಖಚಿತವಾಗಿ ಅಳೆಯಬಲ್ಲ ಕನಿಷ್ಠ ಪ್ರಮಾಣ) ನೋಡೋದು ಮರೀಬ್ಯಾಡ್ರಿ. ನಮ್ಮ ದೇಶದಾಗ ಪ್ರತ್ಯೇಕ ಮಿತಿ ಇಲ್ಲದ ಔಷಧಕ್ಕ 0.01 ಮಿಗ್ರಾಂ/ಕೆಜಿ ಅನ್ವಯ ಆಗತೈತಿ. ಲ್ಯಾಬ್ ಅಳೆಯೋದೇ 0.05ರಿಂದ ಮ್ಯಾಲೆ ಇದ್ರ ಆ 'ಇಲ್ಲ' ಅನ್ನೂದರಿಂದ ನಿಮಗೇನೂ ಉಪಯೋಗಿಲ್ಲ.

ಮಾದರಿ ಕಡಿಮ್ಯಂದ್ರ 1 ಕೆಜಿ. ಒಂದ ಚೀಲದ ಬಾಯಿಂದ ತೆಗೀಬ್ಯಾಡ್ರಿ. ಬ್ಯಾರೆ ಬ್ಯಾರೆ ಚೀಲದ ಮ್ಯಾಲೆ, ನಡುವೆ, ತಳದಾಗ ಹತ್ತು ಕಡೆ ತೆಗೆದು ಕಲಿಸಿ ಭಾಗ ಮಾಡ್ರಿ. ಒಂದು ಭಾಗ ಸೀಲ್ ಮಾಡಿ ನಿಮ್ಮ ಹತ್ರ ಇಟ್ಟುಕೊಳ್ಳ್ರಿ. ಇಡೀ ತೊಗರಿಯೋ, ಬೇಳೆಯೋ ಅಂತ ಚೀಟಿಮ್ಯಾಲೆ ಬರೀರಿ, ಸಿಪ್ಪಿ ತೆಗೆದ್ರ ಅಂಕಿ ಬದಲಾಗತೈತಿ.

ಇಂಡಿ_ತೊಗರಿ
ಒಣದ್ರಾಕ್ಷಿಗೂ ಹಿಂಗನ? ತ್ವಾಟದ ಸಾಲಿನಾಗ ಪ್ಯಾರಾಕ್ವಾಟ್ ಕಳೆನಾಶಕ ಹೊಡೀತಾರ.

ಶೇಷ_ವಿಶ್ಲೇಷಕ, ಬೆಳಗಾವಿ
ಪ್ಯಾರಾಕ್ವಾಟಿಗೆ ಇನ್ನೊಂದ ಬ್ಯಾರೆ ಟೆಸ್ಟ್. ಬಿಸಿ ಮಾಡಿ, ಹೈಡ್ರೋಕ್ಲೋರಿಕ್ ಆಮ್ಲ ಕೂಡಿದ ಮೆಥನಾಲ್-ನೀರಿನಾಗ ತೆಗೀತಾರ. ಅದೂ ಗಾಜಿಗೆ ಅಂಟತೈತಿ.

ಒಣದ್ರಾಕ್ಷಿ ಅರೆದ್ರ ಹಿಟ್ಟಾಗೂದಿಲ್ಲ, ಮುದ್ದಿ ಆಗತೈತಿ. ಅದಕ್ಕ 500 ಗ್ರಾಂ ಹೆಪ್ಪುಗಟ್ಟಿಸಿದ ಹಣ್ಣಿಗೆ 850 ಗ್ರಾಂ ತಣ್ಣೀರು ಹಾಕಿ ರುಬ್ಬತಾರ. ಅದರಾಗಿನ 13.5 ಗ್ರಾಂ ಅಂದ್ರ 5 ಗ್ರಾಂ ಹಣ್ಣು. ಲೆಕ್ಕದಾಗ ಈ ನೀರು ಮರೆತ್ರ ಅಂಕಿ 2.7 ಪಟ್ಟು ಕಡಿಮಿ ಬರತೈತಿ. ಫಲಿತಾಂಶ ರುಬ್ಬಿದ್ದರ ಮ್ಯಾಲೋ, ಹಣ್ಣಿನ ಮ್ಯಾಲೋ ಅಂತ ಬರೆಸಿಕೊಳ್ಳ್ರಿ.