ಅಪ್‌ಡೇಟ್: ಜಿಪ್ಸಿಗೆ ಸ್ಲೈಡರ್ ಕೂತಿತು

ನನ್ನ ಮಾರುತಿ ಜಿಪ್ಸಿಗೆ ರಾಕ್ ಸ್ಲೈಡರ್ (ಕಲ್ಲುದಾರಿಯಲ್ಲಿ ಬಾಗಿಲ ಕೆಳಗಿನ ಅಂಚು ಜಜ್ಜಿಹೋಗದಂತೆ ಕಾಯುವ ಪೈಪ್) ನಾನೇ ಮಾಡಿಕೊಳ್ಳಬಹುದಾ, ಬಾಡಿ ಶೀಟಿಗೆ ಬೋಲ್ಟ್ ಹಾಕಿದರೆ ಸಾಕಾ ಅಂತ ಕೇಳಿದ್ದೆ ಅಲ್ವಾ. ಸಾಕಾಗಲ್ಲ, ಚಾಸಿಸ್‌ಗೇ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೇ) ಕೂರಿಸಿ ಅಂದಿರಿ, ನಿಮ್ಮ ಮಾತು ಕೇಳಿದ್ದು ಒಳ್ಳೆಯದಾಯಿತು. ಪೀಣ್ಯದಿಂದ 4 ಮಿ.ಮೀ. ದಪ್ಪದ ಪೈಪ್ ತಂದು, ಹೊರಗಿನ ಅಂಚು ಸ್ವಲ್ಪ ಮೇಲಕ್ಕೆ ಬರುವ ಹಾಗೆ ಅದನ್ನು ಚಾಸಿಸ್‌ಗೆ ಜೋಡಿಸುವ ಕಾಲುಗಳನ್ನು ಓರೆಯಾಗಿ ಕತ್ತರಿಸಿ, ಚಾಸಿಸ್‌ಗೆ ತಾಗುವ ಕಡೆ ಅಗಲ ಪ್ಲೇಟ್ ಕೊಟ್ಟು ಭಾರ ಹಂಚಿಹೋಗುವಂತೆ ಮಾಡಿದೆ. ಬ್ಯಾಟರಿ ವೈರ್ ಬಿಚ್ಚದೆ ವೆಲ್ಡಿಂಗಿಗೆ ಕೈ ಹಾಕಬೇಡಿ. ಎಡಗಡೆಯದನ್ನು ಒಂದೇ ಸಲಕ್ಕೆ ಪೂರ್ತಿ ವೆಲ್ಡ್ ಮಾಡಿ ನೋಡಿದರೆ ಪೈಪ್ ಬಾಳೆಹಣ್ಣಿನ ಹಾಗೆ ಬಾಗಿತ್ತು! ಬಲಗಡೆ ಮೊದಲು ಟ್ಯಾಕ್ (ಅಲ್ಲಲ್ಲಿ ಚುಕ್ಕಿಯಷ್ಟೇ ವೆಲ್ಡ್) ಹಾಕಿ, ಆರಲು ಬಿಟ್ಟು ಬಿಟ್ಟು ಮುಗಿಸಿದೆ, ನೆಟ್ಟಗಿದೆ. ಮೊನ್ನೆ ಸ್ಲೈಡರಿಗೇ ಜ್ಯಾಕ್ ಕೊಟ್ಟು ಗಾಡಿ ಎತ್ತಿದೆ, ಕದಲಲಿಲ್ಲ. ಬಣ್ಣ ಮಾತ್ರ ಬಾಕಿ. ಬೆಂಗಳೂರಿನ ಮಳೆ ಬಿಡುತ್ತಿಲ್ಲ, ಆಗಲೇ ತುಕ್ಕು ಶುರು.